ಮೂಗು ಸತ್ತ ಮಳೆಗಾಲ

ಹೋದ ತಿಂಗಳು ಒಂದು ತೊಟ್ಟಿಲ ಕಾರ್ಯಕ್ಕೆ ಕುಪ್ಪಸದ ಖಣ ತರಲೆಂದು ಕುಷ್ಟಗಿಗೆ ಹೋಗಿದ್ದೆ. ಹೊಸದಾಗಿ ಆದ ಬಟ್ಟೆ ಅಂಗಡಿ. ಚಪ್ಪಲಿ ಬಿಟ್ಟು ಒಳಗೆ ಹೋಗಿ ಗಾದಿಯ ಮೇಲೆ ಕೂತೆ. ಅಂಗಡಿಯ ಹುಡುಗಿ ನಾಲ್ಕು ಖಣ ಬಿಚ್ಚಿ ಹಾಸಿದಳು. ಹಸಿರಂಚಿನದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ, ಅಷ್ಟರಲ್ಲಿ ಆ ವಾಸನೆ ಬಂತು. ಕೈ ಹಾಗೇ ನಿಂತಿತು.

"ಇದೇನವ್ವಾ ವಾಸನಿ?" ಎಂದೆ.

"ಲ್ಯಾವೆಂಡರ್ ಎಣ್ಣಿ ರೀ ಅಕ್ಕಾರ." ಗಲ್ಲಾದ ಪಕ್ಕದಲ್ಲಿ ತಂಬಿಗೆಯಷ್ಟು ದೊಡ್ಡದೊಂದು ಬಿಳಿ ಯಂತ್ರ ತೆಳ್ಳಗೆ ಹೊಗೆಯಂಥದ್ದನ್ನು ಬಿಡುತ್ತಿತ್ತು. ಅದನ್ನು ತೋರಿಸಿ ಹೇಳಿದಳು: "ನೀರಾಗ ಎರಡು ಹನಿ ಹಾಕಿದ್ರ ಸಂಜಿತನಕ ಬರ್ತೈತಿ. ಅಂಗಡಿ ಹಿಂದ ಗಟಾರ ಐತಲ್ರಿ, ಇದನ್ನ ಹಚ್ಚಿದ ಮ್ಯಾಲೆ ಒಬ್ರೂ ಮೂಗು ಮುಚ್ಚಂಗಿಲ್ಲ ನೋಡ್ರಿ."

ಖಣ ಮಡಿಚಿ ಅವಳ ಕೈಗಿಟ್ಟು, ಮತ್ತೆ ಬರುತ್ತೇನೆ ಎಂದು ಹೇಳಿ ಹೊರಗೆ ಬಂದೆ. ಪಕ್ಕದ ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತೆ. ಬಿಸಿಲು ಬಿರುಸಾಗಿತ್ತು, ಬಸ್ಸುಗಳು ಬಂದು ಹೋಗುತ್ತಿದ್ದವು. ನನ್ನ ಮೂಗಿನಲ್ಲಿ ಮಾತ್ರ ಮೂರು ವರ್ಷದ ಹಿಂದಿನ ಒಂದು ಮಳೆಗಾಲ ಬಂದು ನಿಂತಿತ್ತು.

ನಮ್ಮೂರು ಕುಷ್ಟಗಿಯಿಂದ ಯಲಬುರ್ಗಾ ಕಡೆಗೆ ಹೋಗುವ ದಾರಿಯಲ್ಲಿ ಒಳಕ್ಕೆ ಬೀಳುತ್ತದೆ. ಊರ ಹೊರಗೆ ಸಾಹುಕಾರರದೊಂದು ದಾಳಿಂಬೆ ತೋಟವಿತ್ತು. ಎರಡು ವರ್ಷ ಒಂದೇ ಸಮನೆ ದುಂಡಾಣು ರೋಗ ಬಿದ್ದು ಕಾಯಿಗಳೆಲ್ಲ ಕಪ್ಪು ಚುಕ್ಕೆಯಾಗಿ ಗಿಡದಲ್ಲೇ ಒಡೆದವು. ಸಾಹುಕಾರರು ಬೇಸತ್ತು ಗಿಡ ಕೀಳಿಸಿ, ಆ ಜಾಗದಲ್ಲಿ ಮಜ್ಜಿಗೆ ಹುಲ್ಲು ಹಚ್ಚಿಸಿದರು. ಚಹಾಕ್ಕೆ ಹಾಕುತ್ತಾರಲ್ಲ, ಲಿಂಬೆಯ ವಾಸನೆಯ ಹುಲ್ಲು, ಅದೇ. ಕುರಿ ಅದನ್ನು ಮೂಸುವುದಿಲ್ಲ. ಹುಳ ಮುಟ್ಟುವುದಿಲ್ಲ. ಒಮ್ಮೆ ಹಚ್ಚಿದರೆ ನಾಲ್ಕೈದು ವರ್ಷ ಕೊಯ್ಯುತ್ತಲೇ ಇರಬಹುದು. ಮೊದಲು ಹಣ್ಣು ಆರಿಸಿ ಡಬ್ಬಿ ತುಂಬುತ್ತಿದ್ದ ತಗಡಿನ ಶೆಡ್ಡಿನಲ್ಲಿ ಈಗ ಎಣ್ಣೆ ತೆಗೆಯುವ ಹಂಡೆ ಬಂತು. ಊರಿನ ಏಳೆಂಟು ಹೆಂಗಸರಿಗೆ ಕೆಲಸ ಸಿಕ್ಕಿತು. ಅದರಲ್ಲಿ ನಾನೊಬ್ಬಳು, ನನ್ನ ನೆಗೆಣ್ಣಿ ಹುಲಿಗೆವ್ವ ಒಬ್ಬಳು.

ಹುಲಿಗೆವ್ವ ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತಿದ್ದೆ. ಮಕ್ಕಳಿಲ್ಲ. ಭಾವ ಹೋಗಿ ಬಹಳ ವರ್ಷವಾಗಿತ್ತು. ನನ್ನ ಗಂಡ ಶರಣಪ್ಪ ಗಿಣಿಗೇರಾದ ಕಡೆ ಕಬ್ಬಿಣದ ಫ್ಯಾಕ್ಟರಿಯಲ್ಲಿ ಪಾಳಿಯ ಮೇಲೆ ದುಡಿಯುತ್ತಾರೆ, ಅಲ್ಲೇ ನಾಲ್ಕು ಜನ ಸೇರಿ ಕೋಣೆ ಹಿಡಿದಿದ್ದಾರೆ, ವಾರಕ್ಕೊಮ್ಮೆ ಬರುತ್ತಾರೆ. ಮಗಳನ್ನು ಕಾರಟಗಿಗೆ ಕೊಟ್ಟಿದ್ದೇವೆ. ಹೀಗಾಗಿ ಮನೆಯಲ್ಲಿ ನಾವಿಬ್ಬರೇ. ಬೆಳಿಗ್ಗೆ ನಾನು ರೊಟ್ಟಿ ಬಡಿದರೆ ಅಕ್ಕ ಸುಡುತ್ತಿದ್ದಳು. ಹಂಚಿನಿಂದ ಇಳಿದ ಮೊದಲ ಬಿಸಿ ರೊಟ್ಟಿಯನ್ನು ಎರಡು ಭಾಗ ಮುರಿದು, ಉಬ್ಬಿದ ಕಡೆಯದನ್ನು ನನಗೆ ಕೊಟ್ಟು, ದಪ್ಪ ಅಂಚಿನದನ್ನು ತಾನಿಟ್ಟುಕೊಳ್ಳುತ್ತಿದ್ದಳು. ನಾನು ಆ ಮನೆಗೆ ಸೊಸೆಯಾಗಿ ನಡೆಯಲು ಬಂದ ಮೊದಲ ದಿನದಿಂದ ನಡೆದುಬಂದ ರೂಢಿ ಅದು. ಯಾಕೆ ಎಂದು ಇಬ್ಬರೂ ಕೇಳಿಕೊಂಡಿರಲಿಲ್ಲ.

ಹಂಡೆ ಎಂದರೆ ನೀರು ಕಾಯಿಸುವ ಹಂಡೆಯಲ್ಲ. ಆಳು ಒಳಗೆ ನಿಂತರೆ ಮುಳುಗುವಷ್ಟು ಆಳದ ಸ್ಟೀಲಿನದು. ಕೊಯ್ದ ಹುಲ್ಲನ್ನು ಅರ್ಧ ದಿನ ನೆರಳಿಗೆ ಬಾಡಲು ಬಿಟ್ಟು ಅದರೊಳಗೆ ತುಂಬಬೇಕು. ಬರೀ ತುಂಬಿದರೆ ಆಗುವುದಿಲ್ಲ, ಒಬ್ಬರು ಒಳಗಿಳಿದು ತುಳಿಯಬೇಕು. ಸಂದು ಉಳಿದರೆ ಹಬೆ ಆ ಸಂದಿನಿಂದಲೇ ಮೇಲೆ ಓಡಿಹೋಗುತ್ತದೆ, ಉಳಿದ ಹುಲ್ಲು ಹಾಗೇ ಹಸಿ ಉಳಿಯುತ್ತದೆ. ತುಳಿಯುವ ಕೆಲಸ ಅಕ್ಕನದು. ಎತ್ತರದ ಆಳು, ಗಟ್ಟಿ ಕಾಲು. ಹುಲ್ಲಿನ ಮೇಲೆ ನಿಂತು ಸುತ್ತಲೂ ತುಳಿಯುತ್ತ ತುಳಿಯುತ್ತ ಹಂಡೆಯ ಬಾಯಿಯವರೆಗೆ ಏರಿ ಬರುತ್ತಿದ್ದಳು. ಆಮೇಲೆ ಮುಚ್ಚಳ ಬಿಗಿದು, ಪಕ್ಕದ ಬಾಯ್ಲರಿನಿಂದ ಹಬೆ ಬಿಡುತ್ತಿದ್ದರು. ಹಬೆ ಹುಲ್ಲಿನ ಎಣ್ಣೆಯನ್ನು ಎತ್ತಿಕೊಂಡು ಕೊಳವೆಯಲ್ಲಿ ಹರಿದು, ತಣ್ಣೀರಿನ ತೊಟ್ಟಿಯಲ್ಲಿ ಸುತ್ತಿಕೊಂಡು ಬಂದು, ನನ್ನ ಮುಂದಿನ ಪಾತ್ರೆಗೆ ಹನಿಹನಿಯಾಗಿ ಬೀಳುತ್ತಿತ್ತು. ನೀರು ಕೆಳಗೆ, ಎಣ್ಣೆ ಮೇಲೆ. ಜೇನಿಗಿಂತ ತೆಳು, ಅದೇ ಬಣ್ಣ. ಅದನ್ನು ಬೇರೆ ಮಾಡಿ, ಸೋಸಿ, ಅಲ್ಯೂಮಿನಿಯಂ ಡಬ್ಬಿಗೆ ತುಂಬುವುದು ನನ್ನ ಕೆಲಸ. ಟ್ರ್ಯಾಕ್ಟರು ತುಂಬ ಹುಲ್ಲು ಹಾಕಿದರೆ ಕೊಡದ ತಳ ಮುಚ್ಚುವಷ್ಟು ಎಣ್ಣೆ. ಸಾಬೂನಿಗೆ, ಫಿನೈಲಿಗೆ, ಊದುಬತ್ತಿಗೆ, ಮೈಕೈ ನೋವಿನ ಮುಲಾಮಿಗೆ ಹೋಗುತ್ತದೆ ಎನ್ನುತ್ತಿದ್ದರು. ಹಬೆ ಕೊಟ್ಟು ಮುಗಿದ ಹುಲ್ಲನ್ನು ಒಣಗಿಸಿ ಅದೇ ಬಾಯ್ಲರಿನ ಒಲೆಗೆ ಹಾಕುತ್ತಿದ್ದೆವು.

ಬಾಯ್ಲರು ನೋಡಿಕೊಳ್ಳುತ್ತಿದ್ದವನು ಮಾಬುಸಾಬ. ಬೇರೆ ಕಡೆ ಹಂಡೆಯ ಮೇಲೆ ಕೆಲಸ ಮಾಡಿ ಬಂದವನು. ಮೊದಲ ವಾರ ನನಗೆ ತಲೆ ಸಿಡಿದು, ಕಣ್ಣಲ್ಲಿ ನೀರು ಸುರಿದು, ಬಿಟ್ಟೇಬಿಡುತ್ತೇನೆ ಎಂದಾಗ ಅವನೇ ನಕ್ಕಿದ್ದ.

"ಇನ್ನ ಎಂಟು ದಿನ ತಡಿ ಶಾಂತವ್ವ. ತಲಿಬ್ಯಾನಿ ತಾನ ಹೊಕ್ಕೈತಿ, ಹೋಗುಮುಂದ ಮೂಗನ್ನೂ ಕರ್ಕೊಂಡು ಹೊಕ್ಕೈತಿ. ನಂದು ಹೋಗಿ ಎರಡು ವರ್ಷಾತು. ನಮ್ಮಾಕಿ ಮಾಡಿದ ಪಲ್ಯ ಹಳಸಿದ್ದೂ ತಿಳಿಯಂಗಿಲ್ಲ. ಸಂಸಾರ ಭಾಳ ಛಲೋ ನಡದೈತಿ."

ಅವನು ಹೇಳಿದಂತೆಯೇ ಆಯಿತು. ಒಂದು ದಿನ ಹಾಲು ಉಕ್ಕಿ ಹೊತ್ತಿ ಕರಕಲಾದರೂ ನನಗೆ ಗೊತ್ತಾಗಲಿಲ್ಲ, ಹೊಗೆ ನೋಡಿ ಎದ್ದೆ. ನಮ್ಮ ಸೀರೆ, ಕೂದಲು, ಹಾಸಿಗೆ, ರೊಟ್ಟಿಬುಟ್ಟಿ ಎಲ್ಲ ಆ ಹುಲ್ಲಿನ ವಾಸನೆಯಾಗಿದ್ದವಂತೆ. ಬಸ್ಸಿನಲ್ಲಿ ಕೂತರೆ ಜನ ತಿರುಗಿ ನೋಡುತ್ತಿದ್ದರು. ನಮಗೆ ಮಾತ್ರ ಏನೂ ಇಲ್ಲ.

ಶನಿವಾರ ಸಂಜೆ ಕೆಲಸ ಬಿಡುವಾಗ ಒಂದು ಪದ್ಧತಿಯಿತ್ತು. ಸೋಸಿದ ಮೇಲೆ ತಳದಲ್ಲಿ ಉಳಿಯುವ ಕದಡಿದ ಎಣ್ಣೆ ಮಾರಲು ಬರುವುದಿಲ್ಲ. ಅದನ್ನು ಕೆಮ್ಮಿನ ಔಷಧಿಯ ಖಾಲಿ ಬಾಟಲಿಗಳಲ್ಲಿ ಒಂದಿಷ್ಟಿಷ್ಟು ಹಾಕಿ ಕೆಲಸದವರಿಗೆ ಕೊಡುವುದು. ತಳದೆಣ್ಣೆ ಎನ್ನುತ್ತಿದ್ದೆವು. ಕೊಬ್ಬರಿ ಎಣ್ಣೆಗೆ ನಾಲ್ಕು ಹನಿ ಬೆರೆಸಿ ಮಂಡಿಗೆ ತಿಕ್ಕಿಕೊಳ್ಳುತ್ತಿದ್ದರು. ಹಂಚುವವಳು ನಾನೇ. ಯುಗಾದಿ ಆದ ಮೇಲೆ ಅಕ್ಕ ತನ್ನ ಪಾಲಿನ ಜೊತೆ ನನ್ನದನ್ನೂ ಕೇಳತೊಡಗಿದಳು.

"ಏನಕ್ಕ, ಕುಡಿತೀಯೇನು?" ಎಂದು ಒಮ್ಮೆ ಚಾಷ್ಟಿ ಮಾಡಿದೆ.

"ದಿನಾ ಹಂಡೆದಾಗ ನಿಂತು ಕುಣಿಯಾಕಿ ನಾನು. ಮಣಕಾಲು ನಿಂದಲ್ಲ, ನಂದು. ಕೊಡು," ಎಂದಳು.

ಮಾಬುಸಾಬನೂ ತನ್ನ ಪಾಲು ಕೊಟ್ಟ. "ಹುಲಿಗೆವ್ವಕ್ಕಗ ಕೊಟ್ರ ಹಂಡೆಕ್ಕ ಕೊಟ್ಟಂಗ," ಎಂದ. ಹೀಗೆ ವಾರವಾರ ಮೂರು ಬಾಟಲಿ ತಳದೆಣ್ಣೆ ನಾನೇ ನನ್ನ ಕೈಯಾರೆ ಅವಳ ಕೈಗೆ ಕೊಟ್ಟೆ.

ಈಗ ಕೂತು ನೆನೆದರೆ ಎಲ್ಲವೂ ಕಣ್ಣ ಮುಂದೆಯೇ ಇತ್ತು. ಸೋಮವಾರ ನಾವಿಬ್ಬರೂ ಒಬ್ಬರ ಬೆನ್ನು ಒಬ್ಬರು ತಿಕ್ಕಿ ನೀರೆರೆದುಕೊಳ್ಳುತ್ತಿದ್ದೆವು, ಆಗಿನಿಂದ ಅಕ್ಕ ನಸುಕಿನಲ್ಲೇ ಎದ್ದು ತಾನೊಬ್ಬಳೇ ಮೈತೊಳೆದುಕೊಳ್ಳತೊಡಗಿದಳು. ಕುಪ್ಪಸದ ಮೇಲೆ ಒಂದು ಟವೆಲ್ಲನ್ನು ಬಿಗಿಯಾಗಿ ಸುತ್ತಿಕೊಂಡು, ಅದರ ಮೇಲೆ ಸೆರಗು. ಯಾಕೆ ಎಂದು ಕೇಳಿದರೆ, "ಹುಲ್ಲು ಕೊಯ್ತೈತಿ ಬೇ, ಎದಿ ತುಂಬ ಗೀರಾಗ್ಯಾವ," ಎಂದಳು. ಆ ಹುಲ್ಲಿನ ಅಂಚು ಬ್ಲೇಡಿನ ಹಾಗೆ. ನನ್ನ ಕೈತುಂಬ ಗೀರಿದ್ದವು. ನಂಬಿದೆ.

ಶ್ರಾವಣದಲ್ಲಿ ನನ್ನ ಅವ್ವ ಯಲಬುರ್ಗಾದಿಂದ ನಾಲ್ಕು ದಿನ ಇದ್ದು ಹೋಗಲು ಬಂದಳು. ಬಂದವಳು ಪಡಸಾಲೆಯಲ್ಲಿ ಕೂತು ನೀರು ಕುಡಿದು ಚೊಂಬು ಕೆಳಗಿಡುವ ಮೊದಲೇ ಮೂಗು ಏರಿಸಿದಳು.

"ಶಾಂತಾ, ಮನ್ಯಾಗ ಇಲಿ ಸತ್ತೈತೇನ?"

"ಹುಲ್ಲಿನ ವಾಸನಿ ಬೇ ಅದು. ನಮ್ಮ ಮೈಯೆಲ್ಲ ಹಂಗ ಐತಿ."

"ಹುಲ್ಲಿಂದು ಬ್ಯಾರೆ ಬರಾಕತ್ತೈತಿ, ತಿಳಿತೈತಿ ನನಗ. ಅದರ ಕೆಳಗ ಇನ್ನೊಂದು ಐತಿ. ಏನೋ ಸತ್ತು ಕೊಳತೈತಿ ಇಲ್ಲಿ."

ನಾನು ನಕ್ಕೆ. ಅವ್ವ ಬಿಡಲಿಲ್ಲ. ಕೊನೆಗೆ ಮೂವರೂ ಸೇರಿ ಇಲಿ ಹುಡುಕಿದೆವು. ಜೋಳದ ಚೀಲ ಸರಿಸಿದೆವು, ಕಟ್ಟಿಗೆ ರಾಶಿ ಕೆಡವಿದೆವು, ಟ್ರಂಕುಗಳ ಹಿಂದೆ ಕೋಲು ಆಡಿಸಿದೆವು. ಭಾರದ ಚೀಲಗಳನ್ನೆಲ್ಲ ಅಕ್ಕನೇ ಎತ್ತಿದಳು. ಎಡಗೈಯಿಂದ ಎತ್ತಲಿಲ್ಲ, ಬಲಗೈ ಮತ್ತು ಮೊಣಕಾಲು ಕೊಟ್ಟು ಒತ್ತಿ ಸರಿಸಿದಳು. ಅದೂ ಈಗ ನೆನಪಾಗುತ್ತದೆ. "ಎಲ್ಲಿ ಹೋಗಿ ಸತ್ತೈತೋ ಏನೋ ಅತ್ತಿ, ಸಂದ್ಯಾಗ ಸೇರಿಕೊಂಡಿರಬೇಕು," ಎಂದು ಅವ್ವನ ಜೊತೆ ತಾನೂ ಬಗ್ಗಿ ಬಗ್ಗಿ ನೋಡಿದಳು. ಇಲಿ ಸಿಗಲಿಲ್ಲ. ನಾನು ಶೆಡ್ಡಿನಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ವಾಸನೆಯ ನೀರು ಒಂದು ಕೊಡ ತಂದು ಮನೆ ತುಂಬ ಒರೆಸಿದೆ. "ಈಗ ಹೋತೇನ ಬೇ?" ಎಂದರೆ ಅವ್ವ, "ಹೋತೋ, ಮುಚ್ಚಿಕೊಂತೋ, ನಿಮ್ಮ ಮನಿ ನಿಮಗ ಗೊತ್ತು," ಎಂದು ಹೊರಗಿನ ಕಟ್ಟೆಯ ಮೇಲೆ ಹಾಸಿಗೆ ಹಾಕಿಸಿಕೊಂಡಳು. ಎರಡೇ ದಿನಕ್ಕೆ ಊರಿಗೆ ಹೊರಟಳು.

ಗಣೇಶನ ಹಬ್ಬಕ್ಕೆ ನಾಲ್ಕು ದಿನ ಇರುವಾಗಲೇ ಮಳೆ ಹಿಡಿಯಿತು. ನಮ್ಮ ಕಡೆ ಅಂಥ ಮಳೆ ಅಪರೂಪ. ಹಗಲೂ ರಾತ್ರಿ ಒಂದೇ ಸಮನೆ ಜಿನುಗುತ್ತ, ಕರಿನೆಲ ಕಾಲಿಟ್ಟರೆ ಮೊಣಕಾಲವರೆಗೆ ಎಳೆದುಕೊಳ್ಳುವಂತಾಯಿತು. ಹುಲ್ಲು ಕೊಯ್ಯಲು ಬರುವಂತಿಲ್ಲ. ಕೊಯ್ದರೂ ಒದ್ದೆ ಹುಲ್ಲಿನಲ್ಲಿ ಎಣ್ಣೆ ಇಳಿಯುವುದಿಲ್ಲ. ಸಾಹುಕಾರರು ಹಂಡೆ ನಿಲ್ಲಿಸಿದರು. ನಾವು ಮನೆಯಲ್ಲೇ ಉಳಿದೆವು. ಮೊದಲ ಶನಿವಾರ ಕಳೆಯಿತು, ತಳದೆಣ್ಣೆ ಇಲ್ಲ. ಅಕ್ಕ ಎರಡು ಸಲ ಕೇಳಿದಳು, "ಶೆಡ್ಡಿನ್ಯಾಗ ಒಂದು ಬಾಟ್ಲಿನೂ ಉಳಿದಿಲ್ಲೇನ ತಂಗಿ?"

ಎಂಟೊಂಬತ್ತು ದಿನಕ್ಕೆ ನನ್ನ ಮೂಗು ತಿರುಗಿ ಬಂತು. ಮೊದಲು ಬಂದದ್ದು ಒದ್ದೆ ಮಣ್ಣಿನ ವಾಸನೆ. ಆಮೇಲೆ ಒಗ್ಗರಣೆಯ ಬೆಳ್ಳುಳ್ಳಿ. ಖುಷಿಯಾಯಿತು. ಮರುದಿನ ಮಧ್ಯಾಹ್ನ ಹಿತ್ತಲಿನಿಂದ ಒಳಗೆ ಬರುವಾಗ ಅವ್ವ ಹೇಳಿದ್ದ ಆ ವಾಸನೆ ಬಂತು. ಅವಳಂದದ್ದು ನಿಜ, ಸಂದಿಯಲ್ಲೆಲ್ಲೋ ಇಲಿ ಇದೆ ಎಂದುಕೊಂಡೇ ನಾನು ವಾಸನೆ ಹಿಡಿದು ನಡೆದೆ. ಚೀಲಗಳ ಹತ್ತಿರ ಇಲ್ಲ, ಟ್ರಂಕಿನ ಹತ್ತಿರ ಇಲ್ಲ. ಬಚ್ಚಲ ಬಾಗಿಲ ಹತ್ತಿರ ಬಂದಾಗ ಸೆರಗಿನಿಂದ ಮೂಗು ಮುಚ್ಚಿಕೊಳ್ಳಬೇಕಾಯಿತು. ಬಾಗಿಲು ತಳ್ಳಿದೆ.

ಅಕ್ಕ ಗೋಡೆಗೆ ಮುಖ ಮಾಡಿ ಕೂತು, ಹಳೆಯ ಸೀರೆಯ ತುಂಡೊಂದನ್ನು ಮಡಿಚಿ ಎದೆಗೆ ಒತ್ತಿ ಹಿಡಿದಿದ್ದಳು. ಪಕ್ಕದಲ್ಲಿ ರಕ್ತ, ಕೀವು ಅಂಟಿದ ಬಟ್ಟೆಗಳು. ಕೊಬ್ಬರಿ ಎಣ್ಣೆಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಟ್ಟ ಕೊನೆಯ ತಳದೆಣ್ಣೆ. ಆ ಎಣ್ಣೆ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ, ಡಬ್ಬಿ ಮೆತ್ತಗಾಗಿ ಒಂದು ಕಡೆ ಕುಸಿದಿತ್ತು. ಎಡಗಡೆಯ ಮೊಲೆ ಇರಬೇಕಾದಲ್ಲಿ ಏನಿತ್ತು ಎಂದು ನಾನು ಬರೆಯಲಾರೆ.

"ಬಾಗಿಲು ಹಾಕು," ಎಂದಳು. ದನಿಯಲ್ಲಿ ಅಳುವಿರಲಿಲ್ಲ.

"ಯಾವಾಗಿಂದಕ್ಕ?"

"ಗಂಟು ಹೋದ ದೀಪಾವಳಿಗೆ. ಒಡದದ್ದು ಯುಗಾದಿ ಮುಂದ."

"ನನಗ್ಯಾಕ ಹೇಳಲಿಲ್ಲ?"

ಆಗ ಅಕ್ಕ ತಿರುಗಿ ನೋಡಿದಳು. ನನ್ನ ಮೂಗಿನ ಮೇಲಿದ್ದ ಸೆರಗನ್ನೇ ನೋಡಿದಳು. ನಾನು ಕೈ ಕೆಳಗಿಳಿಸಿದೆ.

"ನೀ ಈ ಮನಿಗೆ ಬರೂಕಿಂತ ಮೊದಲಿನ ಮಾತು ಇದು. ನಿನ್ನ ಗಂಡನ ಅವ್ವ, ನಮ್ಮತ್ತಿ, ಆಕಿ ಕಾಲಿಗೆ ಹುಣ್ಣಾಗಿತ್ತು. ನಾರ್ತಾಳ ಅಂತ ದನದ ಮನ್ಯಾಗ ಹಾಕಿದ್ರು. ಎಂಟು ತಿಂಗಳ ಇದ್ಲು ಅಲ್ಲಿ. ಊಟ ಒಯ್ಯಾಕಿ ನಾನ. ಬಾಗಿಲದಾಗ ನಿಂತು, ಮೂಗು ಮುಚ್ಚಿಕೊಂಡು, ಗಂಗಾಳಾ ದೂಡಿ ಬರ್ತಿದ್ದೆ. 'ಹುಲಿಗಿ, ಒಂದ ತುತ್ತು ಉಣ್ಣೂತನಕ ಕುಂದ್ರ ಬಾ' ಅಂತಿದ್ಲು. ಒಂದಿನಾನೂ ಕುಂದರಲಿಲ್ಲ ನಾನು." ಎದೆಗೆ ಒತ್ತಿದ್ದ ಬಟ್ಟೆಯನ್ನು ಮಗುಚಿ ಹಿಡಿದು ಹೇಳಿದಳು: "ನನ್ನ ಅಲ್ಲಿ ಹಾಕಬ್ಯಾಡ್ರಿ. ನಿನ್ನ ಜೋಡಿ ಕುಂತು ಉಣ್ಣೂದು ತಪ್ಪಿಸಬ್ಯಾಡ ತಂಗಿ. ಮತ್ತೇನೂ ಕೇಳಂಗಿಲ್ಲ ನಿನಗ."

"ಹಾಕಂಗಿಲ್ಲ," ಎಂದೆ. "ನಾ ಇರೂತನಕ ಇಲ್ಲ."

ಗಂಡನನ್ನು ಕರೆಸಿ, ಮಳೆಯಲ್ಲೇ ಅಕ್ಕನನ್ನು ಕೊಪ್ಪಳದ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿಂದ ಹುಬ್ಬಳ್ಳಿಗೆ. ಅಲ್ಲಿ ಫೋಟೋ ತೆಗೆದು, ರಕ್ತ ತೆಗೆದು, ಎಲುಬಿನವರೆಗೆ ಹೋಗಿದೆ, ಇನ್ನು ಕತ್ತರಿಸಿ ಉಪಯೋಗವಿಲ್ಲ, ನೋವಿಗೆ ಔಷಧಿ ಕೊಡುತ್ತೇವೆ ಎಂದರು. ಆರು ತಿಂಗಳು ಮೊದಲೇ ಬಂದಿದ್ದರೆ ಎಂದು ಡಾಕ್ಟರು ಮಾತು ಅರ್ಧಕ್ಕೆ ನಿಲ್ಲಿಸಿದರು. ಆರು ತಿಂಗಳು ಎಂದರೆ ಎಷ್ಟು ಶನಿವಾರ, ಎಷ್ಟು ಬಾಟಲಿ ಎಂದು ನನ್ನ ತಲೆ ತಾನಾಗಿಯೇ ಲೆಕ್ಕ ಹಾಕಿತು. ಅವ್ವನ ಮೂಗು ನನಗಿದ್ದಿದ್ದರೆ ಯುಗಾದಿಯಲ್ಲೇ ಗೊತ್ತಾಗುತ್ತಿತ್ತು.

ಮತ್ತೆ ಕೊಪ್ಪಳಕ್ಕೆ ಬಂದು ಒಂದು ವಾರ ಇದ್ದೆವು. ಅಲ್ಲಿಯ ಒಬ್ಬ ಸಿಸ್ಟರು ಗಾಯ ತೊಳೆಯುವುದನ್ನು ನನಗೆ ಕಲಿಸಿದರು. ಉಪ್ಪುನೀರಿನಿಂದ ಹೇಗೆ ತೊಳೆಯಬೇಕು, ವಾಸನೆ ತಗ್ಗಲು ಡಾಕ್ಟರು ಕೊಟ್ಟ ಗುಳಿಗೆಯನ್ನು ಹೇಗೆ ಪುಡಿ ಮಾಡಿ ಉದುರಿಸಬೇಕು, ಎಲ್ಲ. ಗಾಯದ ಸುತ್ತ ಚರ್ಮ ಕೆಂಪಗೆ ಸುಟ್ಟ ಹಾಗಿದ್ದುದನ್ನು ನೋಡಿ ಕೇಳಿದರು:

"ಇಲ್ಲಿ ಏನ ಹಚ್ಚೀರಿ?"

"ಬಟ್ಟಿಗೆ ಹುಲ್ಲಿನ ಎಣ್ಣಿ ಹಚ್ತಿದ್ದೆ ರೀ," ಎಂದಳು ಅಕ್ಕ.

"ಅದು ಉರಿ ಎಣ್ಣಿ ಬೇ. ಹಸಿ ಹಸಿ ಹಾಂಗ ಹಚ್ಚಿದ್ರ ಛಲೋ ಚರ್ಮಾನೂ ಸುಡತೈತಿ. ಇನ್ನ ಮುಟ್ಟಬ್ಯಾಡ್ರಿ." ಮರುದಿನ ಅವರೇ ಮನೆಯಿಂದ ಕಿರುಬೆರಳುದ್ದದ ಕಂದು ಬಾಟಲಿ ತಂದರು. "ಇದು ಲ್ಯಾವೆಂಡರ್ ಎಣ್ಣಿ. ಇದನ್ನೂ ಗಾಯಕ್ಕ ಹಚ್ಚಂಗಿಲ್ಲ, ಔಷಧ ಅಲ್ಲ ಇದು. ಹತ್ತಿಗೆ ಎರಡು ಹನಿ ಹಾಕಿ ದಿಂಬಿನ ಬಾಜೂ ಇಟ್ಟಕೋರಿ. ಸೌಮ್ಯ ಐತಿ. ಮನಸ್ಸಿಗೆ ತುಸು ಹಗುರ ಅನಸ್ತೈತಿ, ನಿದ್ದಿ ಬಂದ್ರೂ ಬಂದೀತು."

ನಾನು ಬಾಟಲಿ ಓರೆ ಮಾಡಿ ನೋಡಿದೆ. ನೀರಿನಂತೆ ತಿಳಿ, ಬಣ್ಣವೇ ಇಲ್ಲ. ಕಸುಬಿನ ಚಟ, ಕೇಳಿದೆ: "ಇದೂ ಹುಲ್ಲಿಂದ ರೀ?"

"ಹೂವಿಂದ. ನೀಲಿ ಹೂ ಅಂತ. ಥಂಡಿ ಗುಡ್ಡದ ಸೀಮಿದಾಗ ಬೆಳಿತಾರಂತ, ನಿಮ್ಮ ಗತೆನ ಹಬಿ ಕೊಟ್ಟ ತಗೀತಾರಂತ."

ಅಕ್ಕ ಹತ್ತಿಯನ್ನು ಮೂಗಿಗೆ ಹಿಡಿದಳು. "ಅದನ್ನೂ ಯಾರರ ಹಂಡೆದಾಗ ಇಳದು ತುಳೀತಾರೇನ್ರಿ?"

ಸಿಸ್ಟರು ನಕ್ಕರು. "ಗೊತ್ತಿಲ್ಲ ಬೇ. ತುಳೀಬಹುದು."

"ಹಂಗಾದ್ರ ಅಲ್ಲೂ ಒಬ್ಬಾಕಿ ಅದಾಳ ಬಿಡು," ಎಂದು ಅಕ್ಕ ಆ ಹತ್ತಿಯನ್ನು ದಿಂಬಿನ ಪಕ್ಕ ಇಟ್ಟುಕೊಂಡಳು.

ಮನೆಗೆ ಬಂದ ಮೇಲೆ ಪಡಸಾಲೆಯ ಗೋಡೆಗೆ ಅವಳ ಹಾಸಿಗೆ ಹಾಕಿದೆ. ಓಣಿಯ ಜನ ಬಂದರು. ಬಾಗಿಲಲ್ಲೇ ನಿಂತು, "ಆರಾಮಾಕ್ಕೈತಿ ತಗೋ ಹುಲಿಗೆವ್ವ," ಎಂದು ಹೇಳಿ ಹೋದರು. ಯಾರೂ ಹೊಸ್ತಿಲು ದಾಟಲಿಲ್ಲ. ಎದುರು ಮನೆಯ ಬಸಮ್ಮ ಒಬ್ಬಳು ಮಾತ್ರ ಒಳಗೆ ಬಂದು ಬಾಗಿಲ ಬದಿಗೆ ಕೂರುತ್ತಿದ್ದಳು. ಭಾನುವಾರ ಶರಣಪ್ಪ ಬಂದರು. ಕೆಟ್ಟವರಲ್ಲ, ಅಣ್ಣನ ಹೆಂಡತಿ ವೈನಿಯೆಂದರೆ ತಾಯಿಯಂತೆ ನೋಡಿದವರು. ಆದರೂ ಉಣ್ಣಲು ಗಂಗಾಳ ಹಿಡಿದು ಕಟ್ಟೆಗೆ ಹೋದರು. ಆಮೇಲೆ ಹಿತ್ತಲಲ್ಲಿ ನನ್ನನ್ನು ಕರೆದು ಮೆಲ್ಲಗೆ ಹೇಳಿದರು:

"ದನದ ಮನಿ ಖಾಲಿ ಐತಿ. ಸುಣ್ಣಾ ಹಚ್ಚಿ, ಫ್ಯಾನು ಕುಂದರಿಸಿದ್ರ ವೈನಿಗೂ ಗಾಳಿ ಬೆಳಕು..."

"ಅಲ್ಲಿ ಎರಡು ಹಾಸಿಗಿ ಹಾಕಸ್ರಿ ಹಂಗಾದ್ರ. ನಾನೂ ಅಲ್ಲೇ ಮಲಗ್ತೀನಿ."

ಅವರು ಮತ್ತೆ ಆ ಮಾತು ಎತ್ತಲಿಲ್ಲ.

ಮಾತು ಆಡಿದಷ್ಟು ಸುಲಭವಿರಲಿಲ್ಲ. ನನ್ನ ಮೂಗು ಪೂರ್ತಿ ಬಂದುಬಿಟ್ಟಿತ್ತು. ಗಾಯ ತೊಳೆಯುವುದು ಹೇಗೋ ಆಗುತ್ತಿತ್ತು, ಕೈಗೆ ಕೆಲಸವಿದ್ದಾಗ ಮನುಷ್ಯ ತಡೆಯುತ್ತಾನೆ. ಆದರೆ ಎದುರಿಗೆ ಗಂಗಾಳ ಇಟ್ಟುಕೊಂಡು ಕೂತಾಗ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮೂರನೆಯ ದಿನ ನೆವ ಹೇಳಿ ಎದ್ದು ಹೋಗಿ ಹಿತ್ತಲ ಮೂಲೆಯಲ್ಲಿ ವಾಂತಿ ಮಾಡಿದೆ. ಒಳಗೆ ಬಂದಾಗ ಅಕ್ಕ ತನ್ನ ರೊಟ್ಟಿಯನ್ನು ಮುಟ್ಟದೆ ಕಾಯುತ್ತ ಕೂತಿದ್ದಳು.

ಅಂದೇ ಸಂಜೆ ಶೆಡ್ಡಿಗೆ ಹೋದೆ. ಮಳೆ ನಿಂತು ನಾಲ್ಕು ದಿನವಾಗಿತ್ತು. ಮಾಬುಸಾಬ ಬಾಯ್ಲರಿನ ಕೊಳವೆ ತಿಕ್ಕುತ್ತಿದ್ದ.

"ಹಂಡೆ ಯಾವಾಗ ಹಚ್ತೀರೋ?"

"ಸೋಮವಾರ ಅಂದಾರ ಸಾಹುಕಾರ್ರು. ಯಾಕ, ಅಕ್ಕನ್ನ ಬಿಟ್ಟು ಕೆಲಸಕ್ಕ ಬರ್ತೀಯೇನು?"

"ನನ್ನ ಮೂಗು ಸಾಯಬೇಕೋ ಮಾಬುಸಾಬ. ಎಷ್ಟು ಲಗೂ ಆಕ್ಕೈತಿ ಅಷ್ಟು ಲಗೂ."

ಏನಾದರೂ ಚಾಷ್ಟಿ ಮಾಡುವನೆಂದುಕೊಂಡಿದ್ದೆ. ಅವನು ಕೈಯಲ್ಲಿನ ಬಟ್ಟೆ ಕೆಳಗಿಟ್ಟ. "ಬಾ," ಎಂದ. "ಮುಚ್ಚಳ ತಗಿಯೂಮುಂದ ನೀ ಮುಂದ ನಿಂದರು. ಹಬಿ ಎಲ್ಲಾ ಮಾರಿಗೆ ಬರ್ಲಿ."

ಬೆಳಿಗ್ಗೆ ಅಕ್ಕನಿಗೆ ಎಲ್ಲ ಮಾಡಿ, ಬಸಮ್ಮನನ್ನು ಕೂರಿಸಿ, ಅರ್ಧ ದಿನ ಹೋಗುತ್ತಿದ್ದೆ. ಓಣಿಯಲ್ಲಿ ಮಾತು ಹುಟ್ಟಿತು. ನೀರಿನ ನಲ್ಲಿಯ ಹತ್ತಿರ ನನ್ನ ಕಿವಿಗೆ ಬೀಳುವಂತೆಯೇ ಅಂದರು, "ನೆಗೆಣ್ಣಿ ಸಾಯಾಕ ಹತ್ಯಾಳ, ಈಕಿಗೆ ಕೂಲಿ ಹೆಚ್ಚಾಗೈತಿ." ಕೊಡ ತುಂಬಿಕೊಂಡು ಬಂದೆ. ಹಂಡೆಯ ಮುಚ್ಚಳ ತೆಗೆದಾಗ ಮುಖಕ್ಕೆ ಹೊಡೆಯುವ ಬಿಸಿ ಹಬೆಯನ್ನು ಮೂಗು ಅರಳಿಸಿ ಎಳೆದುಕೊಂಡೆ. ಅಕ್ಕನ ಜಾಗದಲ್ಲಿ ಹುಲ್ಲು ತುಳಿಯಲೂ ಇಳಿದೆ. ತುಳಿಯುತ್ತ ಹೋದರೆ ಎಷ್ಟು ಒತ್ತಿದರೂ ಹುಲ್ಲು ಮತ್ತೆ ಏಳುತ್ತದೆ, ತೊಡೆ ನಡುಗುತ್ತದೆ. ಆ ಎದೆಯನ್ನಿಟ್ಟುಕೊಂಡು ಇಷ್ಟು ತಿಂಗಳು ಅವಳು ಇದನ್ನು ಹೇಗೆ ಮಾಡಿದಳೋ.

ಹತ್ತು ದಿನಕ್ಕೆ ಮೂಗು ಸತ್ತಿತು. ಅಂದು ಮಧ್ಯಾಹ್ನ ಮನೆಗೆ ಬಂದು ರೊಟ್ಟಿ ಬಿಸಿ ಮಾಡಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು ಹಾಕಿಕೊಂಡು ಅಕ್ಕನ ಎದುರು ಕೂತು ಹೊಟ್ಟೆ ತುಂಬ ಉಂಡೆ. ಅಕ್ಕ ನನ್ನ ಗಂಟಲನ್ನೇ ನೋಡುತ್ತಿದ್ದಳು. ಆಮೇಲೆ ಬಲಗೈಯೊಂದರಿಂದಲೇ ರೊಟ್ಟಿಯನ್ನು ತೊಡೆಗೆ ಒತ್ತಿ ಮುರಿದು, ಉಬ್ಬಿದ ಕಡೆಯದನ್ನು ನನ್ನ ಗಂಗಾಳಕ್ಕೆ ಹಾಕಿದಳು. ಅಂದಿನಿಂದ ಇಪ್ಪತ್ತೆರಡು ಇಪ್ಪತ್ಮೂರು ದಿನ ನಮ್ಮ ಮನೆ ಮತ್ತೆ ಮನೆಯಾಗಿತ್ತು. ಜಗಳವಾಡಿದೆವು, ಪಲ್ಯಕ್ಕೆ ಉಪ್ಪು ಜಾಸ್ತಿ ಎಂದು ಅವಳು ಬೈದಳು. ದಿಂಬಿನ ಪಕ್ಕದ ಹತ್ತಿಗೆ ದಿನಾ ಎರಡು ಹನಿ ಲ್ಯಾವೆಂಡರ್ ಹಾಕಿಡುತ್ತಿದ್ದೆ. ಅದರ ವಾಸನೆಯೂ ನನಗೆ ಬರುತ್ತಿರಲಿಲ್ಲ. ಅವಳಿಗೆ ಬರುತ್ತಿತ್ತು. ಹಗಲೆಲ್ಲ ಆ ಹತ್ತಿಯ ಕಡೆಗೇ ಮುಖ ಮಾಡಿ ಮಲಗುತ್ತಿದ್ದಳು. "ಇದೊಂದ ನನ್ನ ಮೈಯಿಂದ ಬರ್ಲಾರದ ವಾಸನಿ," ಎನ್ನುತ್ತಿದ್ದಳು.

ದೀಪಾವಳಿ ಹತ್ತಿರವಾದಾಗ ಆ ಕೊಯ್ಲಿನ ಹುಲ್ಲು ಮುಗಿಯಿತು. ಹೊಸ ಹುಲ್ಲು ಏಳಲು ಎರಡು ತಿಂಗಳು ಬೇಕು. ಹಂಡೆ ನಿಂತಿತು. ಮಾಬುಸಾಬ ಕೊನೆಯ ತಳದೆಣ್ಣೆಯ ಬಾಟಲಿ ನನ್ನ ಕೈಗಿಟ್ಟ. ಅದಕ್ಕೆ ಬಟ್ಟೆ ಅದ್ದಿ ಮೂಗಿಗೆ ಹಿಡಿದು ಮೂರು ದಿನ ದೂಡಿದೆ. ಹಂಡೆಯ ಹಬೆಗೂ ಬಾಟಲಿಗೂ ಎಲ್ಲಿಯ ಹೋಲಿಕೆ? ಬಾಟಲಿ ಬರಿದಾಯಿತು. ಮೂಗು ಬಂತು.

ಅಕ್ಕ ಹೋಗುವುದಕ್ಕೆ ಎರಡು ದಿನ ಮೊದಲಿನ ಮಾತು ಇದು. ಅವಳು ಹೋದದ್ದು ಪಡಸಾಲೆಯಲ್ಲೇ, ನಾನು ಹಾಸಿದ ಹಾಸಿಗೆಯ ಮೇಲೇ. ದನದ ಮನೆಗೆ ಹಾಕಲಿಲ್ಲ, ಕೊಟ್ಟ ಮಾತು ಅಷ್ಟರಮಟ್ಟಿಗೆ ಉಳಿಯಿತು. ಊರವರೂ ಈಗ ಅದನ್ನೇ ಹೇಳುತ್ತಾರೆ, ಶಾಂತವ್ವ ಭಾಳ ಛಲೋ ನೋಡಿಕೊಂಡಳು ಎಂದು.

ಆ ಮಧ್ಯಾಹ್ನ ಹೆಸರುಕಾಳಿನ ಪಲ್ಯ ಮಾಡಿದ್ದೆ. ಎಂದಿನಂತೆ ಎದುರು ಕೂತೆ. ಅಕ್ಕನಿಗೆ ಅಷ್ಟರಲ್ಲಿ ಒಂದು ತುತ್ತು ಇಳಿದರೆ ಹೆಚ್ಚು, ಆದರೂ ಗಂಗಾಳ ಬೇಕು. ನಾನು ತುತ್ತು ಮಾಡಿ ಬಾಯಿಗಿಟ್ಟೆ, ಅಗಿದೆ, ನುಂಗಿದೆ. ಮತ್ತೊಂದು.

"ತಂಗಿ, ಮೂಗು ಬಂತೇನು?"

"ಇಲ್ಲಕ್ಕ."

"ಬಾಯಿಲೆ ಉಸುರಾಡಾಕತ್ತೀದಿ."

"ನೆಗಡಿ ಆಗೈತಿ."

"ಹ್ಞೂಂ." ತನ್ನ ಗಂಗಾಳವನ್ನು ಬದಿಗೆ ಸರಿಸಿದಳು. "ಹೊರಗ ಕಟ್ಟಿ ಮ್ಯಾಲೆ ಕುಂತು ಉಣ್ಣು ಹೋಗು. ಗಾಳಿ ಛಲೋ ಐತಿ ಇವತ್ತ."

ಇಲ್ಲಕ್ಕ, ಇಲ್ಲೇ ಉಣ್ಣುತ್ತೇನೆ ಎನ್ನಬೇಕಿತ್ತು. ನಾನು ಗಂಗಾಳ ಎತ್ತಿಕೊಂಡು ಎದ್ದೆ.

ಕಟ್ಟೆಯ ಮೇಲೆ ನಿಜವಾಗಿಯೂ ಗಾಳಿ ಚೆನ್ನಾಗಿತ್ತು. ಎಷ್ಟೋ ದಿನದ ಮೇಲೆ ಹೆಸರುಕಾಳಿನ ಒಗ್ಗರಣೆ ಮೂಗಿಗೆ ಹತ್ತಿತು. ಹಸಿವೆಯಾಗಿತ್ತು. ಎರಡು ರೊಟ್ಟಿ ತಿಂದೆ, ಗಂಗಾಳ ಒರೆಸಿ ತಿಂದೆ.

ಒಳಗೆ ಬಂದಾಗ ಅಕ್ಕ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅವಳ ಗಂಗಾಳದಲ್ಲಿ ಆಗಲೇ ಮುರಿದಿಟ್ಟ ರೊಟ್ಟಿಯ ಎರಡೂ ಭಾಗ ಹಾಗೇ ಇದ್ದವು. ದಿಂಬಿನ ಪಕ್ಕ ನೋಡಿದೆ, ಹತ್ತಿ ಇರಲಿಲ್ಲ. ಹಾಸಿಗೆಯಿಂದ ಕೈ ಚಾಚಿದರೂ ಮುಟ್ಟದಷ್ಟು ದೂರದಲ್ಲಿ, ನಾನು ದಿನಾ ಉಣ್ಣಲು ಕೂರುವ ಜಾಗದಲ್ಲಿ, ನೆಲದ ಮೇಲೆ ನನ್ನ ಗಂಗಾಳ ಇಟ್ಟಿದ್ದ ಗುರುತಿನ ಪಕ್ಕ ಸರಿಯಾಗಿ ಅದನ್ನು ಇಟ್ಟಿದ್ದಳು.